ಯಾರ ನೋವು, ಯಾರ ಬಿನ್ನಹ

ಆಳುವವರ ಬಾಗಿಲಿಗೆ ಹೋಗಿ ಕಷ್ಟ ಹೇಳಿಕೊಳ್ಳುವುದು ಹೊಸತಲ್ಲ. ಅರಸರ ಕಾಲದಲ್ಲಿ ಅದನ್ನು ಬಿನ್ನಹವೆಂದರು, ಕುಂಪಣಿ ಸರಕಾರದ ಕಾಲದಲ್ಲಿ ಅರ್ಜಿಯೆಂದರು, ಈಗ ಮನವಿಪತ್ರವೆನ್ನುತ್ತೇವೆ. ಅರಸನ ಮುಂದೆ ಪ್ರಜೆ ಕೈಮುಗಿದು ನಿಲ್ಲುತ್ತಿದ್ದ. ಶಾಸಕರ ಮುಂದೆ ನಾವು ಅವರನ್ನು ಆರಿಸಿ ಕಳುಹಿಸಿದವರಾಗಿ ನಿಲ್ಲುತ್ತೇವೆ. ಆದರೂ ಒಂದು ಧರ್ಮಸೂಕ್ಷ್ಮ ಅಂದಿನಂತೆ ಇಂದೂ ಉಳಿದಿದೆ. ಕಾನೂನು ಮಾಡುವವರ ಮನಸ್ಸನ್ನು ತಿರುಗಿಸುವುದಕ್ಕಾಗಿ ನೊಂದವರನ್ನು ಅವರ ಕಣ್ಣೆದುರು ತಂದು ನಿಲ್ಲಿಸುವುದು ಸರಿಯೇ? ನಿಲ್ಲಿಸದಿದ್ದರೆ ಆ ನೋವು ಅವರಿಗೆ ತಿಳಿಯುವುದಾದರೂ ಹೇಗೆ? ಕಾಸರಗೋಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ಗ್ರಂಥದಿಂದ ಬಂದುದಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆಯಿಂದ ಎದ್ದು ಬಂದುದು.

ಅಲ್ಲಿನ ಗುಡ್ಡಗಳ ನೆತ್ತಿಯಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ, ತಪ್ಪಲಿನಲ್ಲಿ ಮನೆಗಳು, ಕುಡಿಯಲು ಸುರಂಗದ ನೀರು, ತೆರೆದ ತೋಡು. ಗೇರಿನ ಕೀಟವನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಮೊದಲಾಗಿ ಪತ್ರಿಕೆಯಲ್ಲಿ ಬರೆದವರು ಶ್ರೀಪಡ್ರೆಯವರು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದೇ ಬಗೆಯ ಕಾಯಿಲೆಗಳು ಮರುಕಳಿಸುವುದನ್ನು ಗುರುತಿಸಿ ಬರೆದಿಟ್ಟರು. ಇತ್ತ ಪೆರಿಯದಲ್ಲಿ ಕೃಷಿ ಇಲಾಖೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿ ಸಿಂಪಡಣೆಗೆ ತಡೆಯಾಜ್ಞೆ ತಂದರು. ಮುಂದೆ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲಾಮಕ್ಕಳನ್ನು ಮೀಂಜ ಪಂಚಾಯತಿನ ಮಕ್ಕಳೊಡನೆ ಹೋಲಿಸಿ ನೋಡಿದರು. ಕಲಿಕೆಯ ತೊಂದರೆ, ಹುಟ್ಟಿನಿಂದ ಬಂದ ಅಂಗದೋಷ, ಎರಡೂ ಪಡ್ರೆಯಲ್ಲಿ ಹೆಚ್ಚಾಗಿದ್ದವು. ‘ಮಂದಬುದ್ಧಿ’ ಎಂಬ ಮಾತನ್ನು ಸಲೀಸಾಗಿ ಆಡುವ ನಮ್ಮ ಶಾಲೆಗಳು ಆ ವರದಿಯನ್ನೊಮ್ಮೆ ಓದಬೇಕಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಘೋಷಣೆ ಮೊಳಗುವುದಕ್ಕೆ ಬಹಳ ಮೊದಲೇ ಲೆಕ್ಕ ಸಿದ್ಧವಾಗುತ್ತಿತ್ತು. ಯಾವ ಮನೆ, ಯಾರಿಗೆ ಏನು, ಯಾವ ವರ್ಷದಿಂದ ಎಂಬ ಬರೆಹ. ನಮ್ಮ ಸಭೆಗಳಲ್ಲಿ ಠರಾವು ಮಂಡಿಸುವುದಕ್ಕೆ ಇರುವ ಉತ್ಸಾಹ ಇಂಥ ಬರೆಹಕ್ಕೆ ಇರುವುದಿಲ್ಲ. ಮನವಿ ಅರ್ಪಿಸುವ ಭಾವಚಿತ್ರದಲ್ಲಿ ಒಂದು ಹಾಳೆಯನ್ನು ಎಂಟು ಕೈಗಳು ಹಿಡಿದಿರುತ್ತವೆ. ಆ ಹಾಳೆ ಮುಂದೆ ಯಾವ ಕಡತ ಸೇರಿತೆಂದು ವಿಚಾರಿಸಲು ಒಂದು ಕೈಯೂ ಏಳುವುದಿಲ್ಲ.

ಲೆಕ್ಕವಿದ್ದ ಮಾತ್ರಕ್ಕೆ ಶಾಸನಸಭೆ ಕರಗಿತೆನ್ನುವಂತಿಲ್ಲ. ತಾಯಂದಿರು ತಮ್ಮ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಮುಂದೆ ಕುಳಿತರು. 2016ರಲ್ಲಿ ಕುಳಿತರು, 2019ರಲ್ಲಿ ಮತ್ತೆ ಕುಳಿತರು. ತಾನಾಗಿ ಮಗ್ಗುಲು ತಿರುಗಲಾರದ ಮಗುವಿಗೆ ರಾತ್ರಿಯಿಡೀ ರೈಲು ಪ್ರಯಾಣ, ಹಗಲಿಡೀ ಬೀದಿಯ ಬಿಸಿಲು. ಇದನ್ನು ನೋಡಿದ ಕೆಲವರು, ಮಗುವಿನ ದೈನ್ಯವನ್ನು ಪ್ರದರ್ಶನಕ್ಕಿಡುವುದು ತರವಲ್ಲ, ಆ ಮಗುವಿಗೂ ಒಂದು ಮಾನವಿದೆ ಎಂದರು. ಆ ಮಾತನ್ನು ನಾವು ತಳ್ಳಿಹಾಕಲಾರೆವು. ತನ್ನನ್ನು ಯಾರು ನೋಡಬೇಕು, ಯಾರು ಚಿತ್ರ ತೆಗೆಯಬೇಕು ಎಂದು ಹೇಳಲು ಆ ಮಗುವಿಗೆ ಬಾಯಿಲ್ಲ.

ಆದರೆ ಆ ಮಾತನ್ನು ಆಡಿದವರು ಯಾರೆಂಬುದನ್ನೂ ನೋಡಬೇಕು. ಮನೆಯೊಳಗೆ ಇದ್ದಷ್ಟು ಕಾಲ ಆ ಮಗುವಿನ ಮಾನದ ಬಗ್ಗೆ ಯಾರೂ ಚಿಂತಿಸಿರಲಿಲ್ಲ. ಬೀದಿಗೆ ಬಂದಾಗ ಚಿಂತೆ ಹುಟ್ಟಿತು. ನಮಗೆ ತೋರುವಂತೆ ಇಲ್ಲಿ ಎರಡು ಕ್ರಿಯೆಗಳಿವೆ, ಹೊರಗಿನಿಂದ ಒಂದೇ ಎಂಬಂತೆ ಕಾಣುತ್ತವೆ. ಸಂಘಟಕರು ಪೋಸ್ಟರಿಗೊಂದು ಮುಖ ಬೇಕೆಂದು ಮಗುವನ್ನು ಕರೆದೊಯ್ಯುವುದು ಒಂದು. ಹೆತ್ತವಳು ತಾನಾಗಿ ಹೊರಟಾಗ ಅವಳ ಚೀಲ ಹಿಡಿದು ಜತೆಗೆ ಹೋಗುವುದು ಇನ್ನೊಂದು. ಮೊದಲನೆಯದರಲ್ಲಿ ಮಗು ಸಾಧನ. ಎರಡನೆಯದರಲ್ಲಿ ತಾಯಿಯೇ ಬಿನ್ನಹ ಮಾಡುವವಳು. ಸಾಕೆಂದು ಎದ್ದು ಹೋಗುವ ಅಧಿಕಾರವೂ ಅವಳದೇ.

ಗಡಿನಾಡಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಪಡ್ರೆಯ ತಾಯಿ ತುಳುವಿನಲ್ಲೋ ಕನ್ನಡದಲ್ಲೋ ನೋಯುತ್ತಾಳೆ. ಕಡತ ನಡೆಯುವುದು ಮಲಯಾಳದಲ್ಲಿ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಹಕ್ಕು ಅಲ್ಲಿದೆ, ಓದುವ ಗುಮಾಸ್ತನಿಗೆ ಕನ್ನಡ ಬಾರದು. ಆದುದರಿಂದ ನಡುವೆ ಒಬ್ಬ ಬರೆಯುವವನು ಬೇಕು. ಸಂಘದಲ್ಲಿ ನಾಲ್ಕಕ್ಷರ ಬಲ್ಲ ನಮ್ಮಂಥವರ ಪಾಲಿಗೆ ಬರುವ ಕೆಲಸ ಅದು. ಅದರಲ್ಲೊಂದು ಆಸೆಯಿದೆ: ಅವಳು ಎರಡು ವಾಕ್ಯದಲ್ಲಿ ಹೇಳಿದ್ದನ್ನು ಹತ್ತು ವಾಕ್ಯ ಮಾಡಿ, ಕಣ್ಣೀರು ಬೆರೆಸಿ, ಸಂಖ್ಯೆಯನ್ನು ಸ್ವಲ್ಪ ಏರಿಸಿ ಬರೆಯುವ ಆಸೆ. ಹಾಗೆ ಏರಿಸಿದ ಒಂದು ಸಂಖ್ಯೆ ಪರಿಶೀಲನೆಯಲ್ಲಿ ಬಿದ್ದರೆ ಅದರ ಜತೆ ನೂರು ನಿಜಗಳೂ ಬೀಳುತ್ತವೆ. ಬರೆದುದನ್ನು ಅವಳ ಭಾಷೆಯಲ್ಲಿ ಅವಳಿಗೇ ಓದಿ ಹೇಳಿ, ಅವಳು ಹೌದೆಂದ ಮೇಲೆಯೇ ಹೆಬ್ಬೆಟ್ಟು ಪಡೆಯಬೇಕು.

ಇಷ್ಟೆಲ್ಲ ಏಕೆ, ಮತದ ಭಯ ತೋರಿಸಿದರೆ ಸಾಲದೇ ಎನ್ನುವವರಿದ್ದಾರೆ. 2016ರಲ್ಲಿ ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ ಗೆಲುವಿನ ಅಂತರ ಬರೇ 89 ಮತ. ಆದುದರಿಂದ ಆ ಮಾತಿಗೆ ಬಲವಿಲ್ಲವೆನ್ನಲಾಗದು. ಆದರೆ ಮತದ ಬಲದಿಂದ ಮಾತ್ರ ನ್ಯಾಯ ಸಿಗುವುದಾದರೆ ಹಾಸಿಗೆ ಹಿಡಿದ ಮಗುವಿಗೆ ಯಾವ ಬಲ?

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು. ಅದಕ್ಕೂ ಕೆಲವು ದಿನ ಮುಂಚೆ ಕೇರಳದ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ಸ್ವತಃ ಒಂದು ದಿನ ಉಪವಾಸ ಕುಳಿತಿದ್ದರು. ಪಡ್ರೆಯ ಗುಡ್ಡದಿಂದ ಹೊರಟ ಮಾತು ಅಲ್ಲಿಯವರೆಗೆ ಮುಟ್ಟಿತ್ತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ಕೋರ್ಟು ರಾಜ್ಯ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಂದದ್ದು ಎಂಟು ಮಂದಿಗೆ. ಆ ಎಂಟು ಮಂದಿ ಮತ್ತೆ ಕೋರ್ಟಿನ ಮೆಟ್ಟಿಲೇರಿದವರು. ಕೇಳಿಕೊಳ್ಳುವ ಶಕ್ತಿಯಿದ್ದವರಿಗೆ ಮಾತ್ರ ಕೊಡುವುದು ಯಾವ ನ್ಯಾಯವೆಂದು ನ್ಯಾಯಮೂರ್ತಿಗಳೇ ಬೆರಗಾದರು. ಎಂಟು ಮಂದಿಗೆ ವಕೀಲರಿದ್ದರು, ದಾರಿ ತಿಳಿದವರ ಆಸರೆಯಿತ್ತು. ಉಳಿದವರಿಗೂ ಅದೇ ಆದೇಶ ಅನ್ವಯಿಸುತ್ತಿತ್ತು, ಅದೇ ಪಟ್ಟಿಯಲ್ಲಿ ಹೆಸರಿತ್ತು.

ಆ ತಾಯಂದಿರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಹಣದ ಮಾತು ಹಿಂದೆ ಸರಿದು, ತಮ್ಮ ಕಾಲಾನಂತರ ಈ ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ ಮುಂದೆ ಬಂದಿದೆ. ಅದನ್ನು ಮೂರು ಭಾಷೆಗಳಲ್ಲಿ ಬರೆಯಬೇಕಾಗಿದೆ. ಅದಕ್ಕೂ ಮೊದಲು ಯಾರಾದರೂ ಎಣ್ಮಕಜೆಯಲ್ಲಿ ಮನೆ ಮನೆಗೆ ಹೋಗಿ ಅವರು ಹೇಳುವುದನ್ನು ಕೇಳಿ ಬರಬೇಕಾಗಿದೆ.