ತಾಳಿದವಳು ಬಾಳಿಯಾಳೇ?

‘ತಾಳಿದವನು ಬಾಳಿಯಾನು’ ಎನ್ನುತ್ತಾರೆ. ಗಾದೆಯಲ್ಲಿರುವುದು ಗಂಡಸಾದರೂ ತಾಳುವ ಕೆಲಸ ಮಾತ್ರ ನಮ್ಮ ಪಾಲಿಗೇ ಬಂದಿದೆ. ನೋವು ನುಂಗಿದವಳು ಗಟ್ಟಿಗಿತ್ತಿ, ಹೇಳಿಕೊಂಡವಳು ಗೋಳಿನವಳು. ಈ ಸಹನೆ ನಿಜವಾಗಿ ಗುಣವೇ? ಅತ್ತಿಗೆಯ ಜೊತೆ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅವರಿಗೆ ಸ್ತನದ ಕ್ಯಾನ್ಸರ್. ಆಪರೇಷನ್ ಆದ ಮೇಲೆ ವಿಕಿರಣ ಚಿಕಿತ್ಸೆ; ನಮ್ಮ ಕಡೆಯವರ ಬಾಯಲ್ಲಿ ‘ಕರೆಂಟ್ ಕೊಡುವುದು’. ವಾರಕ್ಕೆ 5 ದಿನದಂತೆ 5 ವಾರ. ಈಗ ಅನೇಕರಿಗೆ 3 ವಾರದಲ್ಲೇ ಮುಗಿಯುತ್ತದೆ. ಚರ್ಮಕ್ಕೂ ಅದು ಹಗುರ. ಕಿರಣಗಳು ಒಳಗಿನ ರೋಗವನ್ನು ಮುಟ್ಟಬೇಕಾದರೆ ಚರ್ಮವನ್ನು ಹಾದೇ ಹೋಗಬೇಕು. 1901ರಲ್ಲಿ ವಿಜ್ಞಾನಿ ಬೆಕೆರೆಲ್ ರೇಡಿಯಂ ಇದ್ದ ಕೊಳವೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ ಮೈ ಸುಟ್ಟುಕೊಂಡಿದ್ದರು. ಕಿರಣಕ್ಕೆ ಆ ಗುಣ ಮೊದಲಿನಿಂದಲೂ ಇದೆ.

ಮೂರನೆಯ ವಾರ ಅತ್ತಿಗೆಯ ಚರ್ಮ ಕಪ್ಪಾಗಿ, ತುರಿಕೆ ಹತ್ತಿತು. ಕಂಕುಳಲ್ಲಿ ಸಿಪ್ಪೆ ಏಳತೊಡಗಿತು. ನಾನು ನೋಡಿದೆನೆಂದು ತಿಳಿದಾಗ ಅವರು, “ಪ್ರಾಣ ಉಳಿಸಿಕೊಳ್ಳೋಕೆ ಬಂದು ಚರ್ಮದ ಚಿಂತೆ ಯಾಕೆ? ಡಾಕ್ಟರಿಗೆ ಹೇಳಬೇಡ” ಎಂದರು.

ಮಾತು ದೊಡ್ಡದಾಗಿಯೇ ಕೇಳುತ್ತದೆ. ಆದರೆ ಚರ್ಮ ಒಡೆದು ನೀರು ಸೋರತೊಡಗಿದರೆ ಕೆಲವೊಮ್ಮೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ. ಬಿಡುವು ಕೊಟ್ಟಷ್ಟೂ ರೋಗಕ್ಕೆ ಅನುಕೂಲ. ಅಂದರೆ ಚರ್ಮದ ಚಿಂತೆ ಪ್ರಾಣದ ಚಿಂತೆಯಿಂದ ಬೇರೆಯಲ್ಲ. ಬೇರೆಯೇ ಆಗಿದ್ದರೂ ಏನಾಯಿತು? ಉಳಿಸಬೇಕಾದ್ದು ಬರೀ ಉಸಿರೇ? ರಾತ್ರಿ ನಿದ್ದೆ, ಉರಿಯಿಲ್ಲದೆ ಕೈ ಎತ್ತಿ ಜಡೆ ಹಾಕಿಕೊಳ್ಳುವುದು, ಇವೂ ಬದುಕೇ ಅಲ್ಲವೇ?

ನಾನು ನರ್ಸಮ್ಮನಿಗೆ ಹೇಳುವಂತೆ ಅವರನ್ನು ಒಪ್ಪಿಸಿದೆ. ಆಕೆ ಗದರಲಿಲ್ಲ. ಉಗುರುಬೆಚ್ಚನೆಯ ನೀರು, ಮೃದುವಾದ ಸೋಪು. ಉಜ್ಜದೆ ಒತ್ತಿ ಒರೆಸುವುದು. ಹಿಂದೆ ನೀರೇ ತಾಗಿಸಬೇಡಿ ಎನ್ನುತ್ತಿದ್ದರಂತೆ. ತೊಳೆಯುವುದರಿಂದ ಕೇಡಿಲ್ಲವೆಂದು ಪರೀಕ್ಷೆಗಳಲ್ಲಿ ತಿಳಿದಿದೆ. ಬಿಗಿ ರವಿಕೆಯ ಬದಲು ಸಡಿಲವಾದ ಹತ್ತಿ ಬಟ್ಟೆ. ಬಿಸಿನೀರಿನ ಚೀಲ ಬೇಡ, ಬಿಸಿಲು ಬೇಡ. ಮುಲಾಮು ಡಾಕ್ಟರು ಬರೆದದ್ದು ಮಾತ್ರ. ಅರಿಸಿನವೋ ಕೊಬ್ಬರಿ ಎಣ್ಣೆಯೋ, ಪ್ರೀತಿಯಿಂದ ಹಚ್ಚುವುದಾದರೂ ಕೇಳಿಯೇ ಹಚ್ಚಬೇಕು. ಕತ್ತಿನ ಸರ ಉಜ್ಜುತ್ತದೆ, ತೆಗೆದಿಡಿ ಎಂದಾಗ ಮಾತ್ರ ಅತ್ತಿಗೆ ಸುಮ್ಮನಾದರು. ಮನೆಯಲ್ಲಿ ನನ್ನ ಅಮ್ಮನೇ ಮುಂದೆ ಬಂದು, “ಕೊರಳು ನೆಟ್ಟಗಿದ್ದರೆ ತಾನೇ ತಾಳಿ?” ಎಂದು ತಾಳಿಯ ಸರವನ್ನು ತೆಗೆದು ದೇವರ ಮುಂದಿಟ್ಟರು.

ಇಷ್ಟು ಮಾಡಿದರೂ ಕೆಲವರ ಚರ್ಮ ಒಡೆಯುತ್ತದೆ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಉರಿ ಏರಬಹುದು, ಆಮೇಲೆ ಇಳಿಯುತ್ತದೆ. ಆಗ ‘ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎನ್ನುವ ನಾಲಿಗೆಗಳಿಗೂ ಬರವಿಲ್ಲ. ಆರೈಕೆ ನಮ್ಮ ಕೈಯಲ್ಲಿದೆ. ಫಲವೆಲ್ಲ ನಮ್ಮ ಕೈಯಲ್ಲಿಲ್ಲ. ರೋಗಿಯ ಮೇಲೆ ತಪ್ಪು ಹೊರಿಸುವುದು ಇನ್ನೊಂದು ಬಗೆಯ ಸುಡುವಿಕೆ.

ತಾಳಲೇಬೇಕಾದ ನೋವುಗಳಿವೆ. ಆ 5 ವಾರದ ದಣಿವನ್ನು, ಭಯವನ್ನು ಅತ್ತಿಗೆ ತಾಳಿದರು. ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಹೇಳಿಕೊಂಡರೆ ಕಡಿಮೆಯಾಗುವ ನೋವನ್ನೂ ನುಂಗುವುದಕ್ಕೆ ತಪಸ್ಸೆಂದು ಹೆಸರಿಡಲಾರೆ. ಅದು ತಲೆಮಾರುಗಳಿಂದ ನಮಗೆ ಅಂಟಿಬಂದ ಅಭ್ಯಾಸ. ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ದಾಟಿಸದೆ ಇದ್ದರಾಯಿತು.