ಆಕಾಶ ಓದಲು ಗಣಿಗೆ ಇಳಿದವರು

ಖಗೋಳ ವಿಜ್ಞಾನಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಗುಡ್ಡದ ಮೇಲೊಂದು ಗುಮ್ಮಟ, ಅದರೊಳಗೊಂದು ದೂರದರ್ಶಕ, ರಾತ್ರಿಯೆಲ್ಲ ನಿದ್ದೆಗೆಟ್ಟು ಮೇಲೆ ನೋಡುತ್ತಾ ಕೂತ ಒಬ್ಬ ಮನುಷ್ಯ. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಈ ಚಿತ್ರಕ್ಕೆ ಒಗ್ಗುವವರಲ್ಲ. 1951ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಅವರು ಆಕಾಶವನ್ನು ಓದಲಿಕ್ಕೆ ಹೋಗಿದ್ದು ಕೋಲಾರದ ಚಿನ್ನದ ಗಣಿಯೊಳಕ್ಕೆ.

ನಾನು ಬಂಗಾರಪೇಟೆ ಕಡೆಯ ಹಳ್ಳಿಯವನು. ನಮ್ಮಲ್ಲಿ ಆಳ ಅಂದ್ರೆ ಬೋರ್‌ವೆಲ್ಲಿನ ಆಳ. 1200 ಅಡಿ ಕೊರೆಸಿದರೂ ಬರೀ ಧೂಳು ಬಂತು ಅನ್ನೋ ಮಾತು ಮದುವೆ ಮನೆಯಲ್ಲೂ ಬರುತ್ತೆ, ತಿಥಿ ಮನೆಯಲ್ಲೂ ಬರುತ್ತೆ. ಅಲ್ಲಿಂದ ಕಣ್ಣಳತೆಯ ದೂರದಲ್ಲಿ, 7500 ಅಡಿ ಕೆಳಗೆ, ಜಗತ್ತಿನ ಭೌತವಿಜ್ಞಾನದ ಒಂದು ದೊಡ್ಡ ಪ್ರಯೋಗ ನಡೆದಿತ್ತು ಅನ್ನೋದನ್ನ ಶಾಲೆಯಲ್ಲಾಗಲಿ, ಬಿಇ ಓದಿದ ನಾಲ್ಕು ವರ್ಷಗಳಲ್ಲಾಗಲಿ ಯಾರೂ ಹೇಳಲಿಲ್ಲ. ಕೆಜಿಎಫ್ ಅಂದ್ರೆ ಈಗಂತೂ ಸಿನಿಮಾ. ಇರ್ಲಿ ಬಿಡಿ.

ಆಕಾಶ ನೋಡೋಕೆ ಕೆಳಗೆ ಯಾಕೆ ಇಳಿಯಬೇಕು? ಒಮ್ಮೆ ಅಂಗೈ ಚಾಚಿ. ಸೆಕೆಂಡಿಗೆ ಒಂದೋ ಎರಡೋ ಮ್ಯೂಯಾನ್ ಅನ್ನೋ ಕಣಗಳು ಅದರೊಳಗಿಂದ ಹಾದು ಹೋಗ್ತಾ ಇವೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳಿವು. ಕಲ್ಲಿನೊಳಗೆ ಇಳಿದಷ್ಟೂ ಇವು ಕಡಿಮೆಯಾಗುತ್ತಾ ಹೋಗುತ್ತವೆ. ಎಷ್ಟು ಆಳಕ್ಕೆ ಎಷ್ಟು ಕಡಿಮೆ? ಅದನ್ನು ಅಳೆದು ಬಾ ಅಂತ ಹೋಮಿ ಭಾಭಾ ತಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ ಹುಡುಗ ಶ್ರೀಕಂಠನ್‌ರನ್ನು ಗೈಗರ್ ಕೌಂಟರುಗಳ ಜೊತೆ ಗಣಿಗೆ ಕಳಿಸಿದರು. ಅರವತ್ತರ ದಶಕ ಬರುವ ಹೊತ್ತಿಗೆ ಅಳತೆ ಇನ್ನೂ ಆಳಕ್ಕೆ ಇಳಿದಿತ್ತು. ಸುಮಾರು 2.7 ಕಿ.ಮೀ. ಕೆಳಗೆ ಎರಡು ತಿಂಗಳು ಉಪಕರಣ ಇಟ್ಟು ಕಾದರೂ ಒಂದೇ ಒಂದು ಮ್ಯೂಯಾನ್ ಬರಲಿಲ್ಲ.

ಎರಡು ತಿಂಗಳು ಕೆಲಸ ಮಾಡಿ ಸೊನ್ನೆ ತಂದು ರಿವ್ಯೂ ಮೀಟಿಂಗಿನಲ್ಲಿ ಇಟ್ಟರೆ ನಮ್ಮ ಕತೆ ಏನಾಗುತ್ತೆ ಯೋಚಿಸಿ. ಆದರೆ ಅವರಿಗೆ ಆ ಸೊನ್ನೆಯೇ ಬೇಕಿತ್ತು. ಮ್ಯೂಯಾನ್‌ಗಳ ಗದ್ದಲ ನಿಂತ ಜಾಗದಲ್ಲಿ ಮಾತ್ರ ನ್ಯೂಟ್ರಿನೊ ಅನ್ನೋ ಮಹಾ ಮೌನಿಯ ಸುಳಿವು ಹಿಡಿಯಬಹುದು. ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನೇ ತಗೊಂಡರೆ, ನಿಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರಿನಲ್ಲೂ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದು ಹೋಗುತ್ತವೆ. ಒಂದೂ ನಿಮ್ಮನ್ನ ಮುಟ್ಟಿ ಮಾತಾಡಿಸೋದಿಲ್ಲ. ಗಣಿಯಲ್ಲಿ ಹುಡುಕಿದ್ದು ವಾತಾವರಣದಲ್ಲಿ ಹುಟ್ಟುವ ಇನ್ನೊಂದು ಬಗೆಯವನ್ನು. ಅವು ಭೂಮಿಯ ಆಚೆ ಬದಿಯಿಂದಲೂ ಇಡೀ ಗೋಳವನ್ನೇ ತೂರಿಕೊಂಡು ಬರಬಲ್ಲವು. ಅಪರೂಪಕ್ಕೊಮ್ಮೆ ಒಂದು ನ್ಯೂಟ್ರಿನೊ ಸುತ್ತಲಿನ ಕಲ್ಲಿಗೆ ಬಡಿದು ಮ್ಯೂಯಾನ್ ಹುಟ್ಟಿಸುತ್ತೆ. ಅಷ್ಟು ಆಳದಲ್ಲಿ ಅಡ್ಡಡ್ಡವಾಗಿ ಒಂದು ಮ್ಯೂಯಾನ್ ಬಂತು ಅಂದ್ರೆ ಅದು ಮೇಲಿಂದ ಬಿದ್ದದ್ದಲ್ಲ, ನ್ಯೂಟ್ರಿನೊ ಹುಟ್ಟಿಸಿದ್ದು. ತರ್ಕ ಇಷ್ಟೇ.

ಹಾಗಾಗಿ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ಎದುರುಬದುರು ಗೋಡೆಗಳಂತೆ ಉಪಕರಣ ನಿಲ್ಲಿಸಿದರು. ಟಾಟಾ ಇನ್‌ಸ್ಟಿಟ್ಯೂಟ್ ಜೊತೆಗೆ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಾಂ ವಿಶ್ವವಿದ್ಯಾಲಯ ಸೇರಿಕೊಂಡವು. ಕಣ ಹಾದ ದಾರಿಯನ್ನು ಮಿಂಚಿ ತೋರಿಸುವ ನಿಯಾನ್ ಕೊಳವೆಗಳು ಡರಾಂನವರ ಕೊಡುಗೆ. ಅವರ ತಂಡದ ಮುಖ್ಯಸ್ಥ ಆರ್ನಲ್ಡ್ ವುಲ್ಫೆಂಡೇಲ್ ಮುಂದೆ 1991ರಿಂದ 1995ರವರೆಗೆ ಬ್ರಿಟನ್ನಿನ ಅಸ್ಟ್ರಾನಮರ್ ರಾಯಲ್ ಆದರು. ಅದು 1675ರಿಂದ ನಡೆದು ಬಂದ ಹುದ್ದೆ. ನಕ್ಷತ್ರ ನೋಡುವವರ ಆ ಪಟ್ಟದಲ್ಲಿ ಕೂತ ಮನುಷ್ಯನ ಒಳ್ಳೆಯ ಕೆಲಸಗಳಲ್ಲೊಂದು ನಮ್ಮ ಊರಿಗಾಂ, ಚಾಂಪಿಯನ್ ಕಡೆಯ ನೆಲದಡಿ ಆದದ್ದು ಅಂದ್ರೆ ನನಗೆ ಈಗಲೂ ಸಣ್ಣ ಪುಳಕ.

ಇಲ್ಲಿ ಒಂದು ತಕರಾರು ಇದೆ. ಇದೇ ಬೇಟೆಗೆ ದಕ್ಷಿಣ ಆಫ್ರಿಕಾದಲ್ಲಿ, ಜೊಹಾನ್ಸ್‌ಬರ್ಗ್ ಹತ್ತಿರದ ಇನ್ನೊಂದು ಚಿನ್ನದ ಗಣಿಯಲ್ಲಿ, ಫ್ರೆಡರಿಕ್ ರೈನ್ಸ್ ಅವರ ತಂಡ ಕೂತಿತ್ತು. ಅವರಿಗೆ ಮೊದಲ ಸುಳಿವು ಸಿಕ್ಕಿದ್ದು 1965ರ ಫೆಬ್ರುವರಿ 23ರಂದು. ನಮ್ಮವರಿಗೆ ಸಿಕ್ಕಿದ್ದು ಅದಾದ ಕೆಲವು ವಾರಕ್ಕೆ. ಆದರೆ ಕೋಲಾರದ ಲೇಖನ ಅಚ್ಚಾಗಿದ್ದು ಆಗಸ್ಟ್ 15ಕ್ಕೆ, ರೈನ್ಸ್ ತಂಡದ್ದು ಆಗಸ್ಟ್ 30ಕ್ಕೆ. ಹಾಗಾದ್ರೆ ಮೊದಲಿಗರು ಯಾರು? ಕೋಡ್ ಬರೆದ ದಿನವೋ, ರಿಲೀಸ್ ಆದ ದಿನವೋ? ನನ್ನ ಕೇಳಿದ್ರೆ ಇಬ್ಬರೂ ಅಂತೀನಿ. ಇದನ್ನ ಜಾಣತನದ ಉತ್ತರ ಅಂದ್ಕೋಬೇಡಿ. ಒಬ್ಬರನ್ನೊಬ್ಬರು ನೋಡಿ ಬರೆದದ್ದಲ್ಲ, ಎರಡು ಖಂಡಗಳಲ್ಲಿ ಎರಡು ಗುಂಪು ಒಂದೇ ವರ್ಷ ಒಂದೇ ವಿಷಯ ಕಂಡವು. ಅದರಿಂದ ಆ ವಿಷಯವೇ ಗಟ್ಟಿಯಾಯಿತು.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅದನ್ನ ಕೇಳಿದ್ದು ನನ್ನ ಟ್ರೇನ್ ಗೆಳೆಯ. ಬೆಂಗಳೂರಿನಲ್ಲಿ ಮನೆ ಮಾಡೋಕೆ ಮುಂಚೆ ನಾನು ಮೂರು ವರ್ಷ ಬಂಗಾರಪೇಟೆಯಿಂದ ಪಾಸ್ ಮಾಡಿಸಿಕೊಂಡು ಓಡಾಡಿದವನು. ಅವನು ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತಿ ನನಗೊಂದು ಸೀಟು ಹಿಡಿದಿರ್ತಿದ್ದ. ಅವನ ತಾತ ಅದೇ ಚಾಂಪಿಯನ್ ರೀಫ್‌ನಲ್ಲಿ ನಲವತ್ತು ವರ್ಷ ದುಡಿದವರು. 1965ರ ಲೇಖನವನ್ನ ಮೊಬೈಲಿನಲ್ಲಿ ಅವನಿಗೆ ತೋರಿಸಿದೆ. ಅವನು ಹೆಸರುಗಳನ್ನ ಎಣಿಸಿದ.

"ಹನ್ನೊಂದು ಜನ. ಇದರಲ್ಲಿ ಆ ತೂತು ಕೊರೆದವರು ಯಾರು ಮಚ್ಚಾ?"

ಆಚಾರ್, ಮೆನನ್, ನರಸಿಂಹನ್, ರಮಣಮೂರ್ತಿ, ಶ್ರೀಕಂಠನ್, ಹಿನೋತಾನಿ, ಮಿಯಾಕೆ, ವುಲ್ಫೆಂಡೇಲ್... ಕೊರೆದವರು ಯಾರೂ ಇರಲಿಲ್ಲ.

"ಅವರು ಬಾಡಿಗೆದಾರರು ಕಣೋ," ಅಂದೆ. "ಗಣಿ ತೋಡಿದ್ದು ಚಿನ್ನಕ್ಕೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗ ನ್ಯೂಟ್ರಿನೊ ಅನ್ನೋ ಪದವೇ ಹುಟ್ಟಿರಲಿಲ್ಲ. ನಾವು ಬಳಸೋ ಲೈಬ್ರರಿ ಬರೆದವರ ಹೆಸರೆಲ್ಲ ನಮ್ಮ ರಿಲೀಸ್ ನೋಟಿನಲ್ಲಿ ಇರುತ್ತಾ?"

"ಲೈಬ್ರರಿ ಬರೆದವನು ಇಷ್ಟಪಟ್ಟು ಫ್ರೀಯಾಗಿ ಕೊಟ್ಟ. ನಮ್ಮ ತಾತನ್ನ ಯಾರು ಕೇಳಿದ್ರು? ಅವರಿಗೆ ಆಕಾಶ ಸಿಕ್ತು. ನಮ್ಮ ತಾತನಿಗೆ ಎದೆಯಲ್ಲಿ ಧೂಳು."

ಅಷ್ಟರಲ್ಲಿ ವೈಟ್‌ಫೀಲ್ಡ್ ಬಂತು, ಅವನು ಇಳಿದು ಹೋದ. ಪ್ರಶ್ನೆ ನನ್ನ ಜೊತೆ ಕಂಟೋನ್ಮೆಂಟ್ ತನಕ ಬಂತು. ನಿಜ ಹೇಳಬೇಕಂದ್ರೆ ವರ್ಷಗಟ್ಟಲೆ ಬಂತು.

ಅವನ ಮಾತಿನ ಹಿಂದೆ ಇರೋದು ಬರೀ ಸಿಟ್ಟಲ್ಲ. ಒಂದು ಕಾಲಕ್ಕೆ ಸುಮಾರು 30 ಸಾವಿರ ಜನ ದುಡಿದ ಗಣಿಗಳವು, ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತ ಕುಟುಂಬಗಳು. ಆಳದ ಕಲ್ಲು 60 ಡಿಗ್ರಿ ದಾಟಿ ಸುಡುತ್ತಿತ್ತು. ಒತ್ತಡಕ್ಕೆ ಬಂಡೆಯೇ ಸಿಡಿಯುವ ರಾಕ್ ಬರ್ಸ್ಟ್ ಬೇರೆ. ಆದಾಗ ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದವು, ಕೆಳಗೆ ಯಾರು ಅನ್ನೋದು ಆಮೇಲೆ ಗೊತ್ತಾಗುತ್ತಿತ್ತು. ಉಳಿದವರಿಗೆ ಸಿಲಿಕೋಸಿಸ್. ಜೊಹಾನ್ಸ್‌ಬರ್ಗಿನ ಕತೆಯೂ ಇದೇ, ಅಲ್ಲಿ ವರ್ಣಭೇದದ ಕಾನೂನಿನಡಿ ಕಪ್ಪು ಜನ ಕೊರೆದ ಗಣಿ. ಪ್ರಕೃತಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಮನುಷ್ಯನಿಗೆ ಮೊದಲು ಸಿಕ್ಕ ಎರಡೂ ಜಾಗಗಳು ಇಂಥವೇ. ಅದೊಂದು ಕಾಕತಾಳೀಯ ಅಲ್ಲ. ಅಷ್ಟು ಆಳಕ್ಕೆ ಮನುಷ್ಯರನ್ನ ಇಳಿಸೋದು ಚಿನ್ನದ ಆಸೆಗೆ ಮಾತ್ರ ಸಾಧ್ಯ ಇತ್ತು, ಅದೂ ಇಳಿಯುವ ಮನುಷ್ಯರು ಅಗ್ಗವಾಗಿದ್ದಾಗ.

ಹಾಗಂತ ಶ್ರೀಕಂಠನ್‌ರನ್ನು ಕಟಕಟೆಗೆ ತರೋದು ನನ್ನಿಂದಾಗದು. ಕೇಡು ಮಾಡಿದವನ ಹೊಣೆ ಬೇರೆ, ಯಾರೋ ಮಾಡಿದ ಕೇಡಿನ ಪಕ್ಕದಲ್ಲಿ ನಿಂತು ಒಳ್ಳೆಯದೊಂದನ್ನು ಎತ್ತಿಕೊಂಡವನ ಹೊಣೆ ಬೇರೆ. ಪರಿಹಾರ, ಪಿಂಚಣಿ, ಮನೆ, ಆಸ್ಪತ್ರೆ ಇವು ಕಂಪನಿಯ ಮತ್ತು ಸರ್ಕಾರದ ಲೆಕ್ಕ. ಲೇಖನದಲ್ಲಿ ಹೆಸರು ಹಾಕೋದೂ ಸರಿಯಲ್ಲ ಅನ್ಸುತ್ತೆ ನನಗೆ. ಅಲ್ಲಿ ಹೆಸರು ಅಂದ್ರೆ ಹಾರ ತುರಾಯಿ ಅಲ್ಲ, ಈ ಮಾತು ಸುಳ್ಳಾದರೆ ನಾನು ಉತ್ತರ ಕೊಡ್ತೀನಿ ಅನ್ನೋ ಸಹಿ. ಕೇಜ್ ಓಡಿಸಿದವನಿಂದ ಆ ಸಹಿ ಯಾಕೆ ಕೇಳಬೇಕು?

ಆದ್ರೂ ಏನೋ ಒಂದು ಬಾಕಿ ಉಳಿಯುತ್ತೆ. ನಮ್ಮ ಮನೆಯಲ್ಲಿ ಬೋರ್ ಕೊರೆಸಿ ನೀರು ಬಿದ್ದ ದಿನ ಲಾರಿ ಹುಡುಗರಿಗೆ ಮುದ್ದೆ, ಕೋಳಿ ಸಾರು ಹಾಕದೆ ಅಪ್ಪ ಕಳಿಸ್ತಿರಲಿಲ್ಲ. ಅಡಿಗಿಷ್ಟು ಅಂತ ದುಡ್ಡು ಎಣಿಸಿ ಕೊಟ್ಟಾಗಿರುತ್ತಿತ್ತು, ಆ ವ್ಯವಹಾರ ಮುಗಿದಿರುತ್ತಿತ್ತು. ದುಡ್ಡು ಬೇರೆ, ಊಟ ಬೇರೆ. ಸಿಕ್ಕಿದ್ದರಲ್ಲಿ ಇವರಿಗೂ ಒಂದು ತುತ್ತು ಹೋಗಬೇಕು ಅಷ್ಟೇ. ಗಣಿಯಲ್ಲಿ ಸಿಕ್ಕಿದ್ದು ತಿಳಿವಳಿಕೆ. ಅದರ ತುತ್ತು ಅಂದ್ರೆ ಏನು ಸಿಕ್ತು ಅಂತ ಆ ಮನೆಗಳಿಗೆ, ಅವರ ಭಾಷೆಯಲ್ಲಿ, ಅವರ ಮುಖ ನೋಡಿ ಹೇಳೋದು. ಗೆಳೆಯನ ತಾತನಿಗೆ ಅಷ್ಟು ವರ್ಷಗಳಲ್ಲಿ ಅದನ್ನ ಯಾರೂ ಹೇಳಿರಲಿಲ್ಲ.

ಹೇಳುವಾಗ ಹಳಸಿದ್ದನ್ನ ಬಡಿಸಬಾರದು. 'ಜಗತ್ತಿಗೇ ಮೊದಲು ನಾವೇ' ಅನ್ನೋ ವಾಟ್ಸಾಪ್ ಮೆಸೇಜು ಹಳಸಿದ್ದು. ಇದೇ ಗಣಿಯಲ್ಲಿ ಮುಂದೆ ಕಂಡ ಕೆಲವು ವಿಚಿತ್ರ ಘಟನೆಗಳನ್ನು 1975ರಲ್ಲಿ ಹೊಸ ಕಣದ ಸುಳಿವು ಅಂತ ಪ್ರಕಟಿಸಿದರು. 'ಕೋಲಾರ್ ಈವೆಂಟ್ಸ್' ಅಂತ ಹೆಸರಾಯಿತು, ಬೇರೆಲ್ಲೂ ದೃಢವಾಗಲಿಲ್ಲ. ಎಂಬತ್ತರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದಾ ಅಂತ ನೋಡಲು 140 ಟನ್ನಿನ ಉಪಕರಣ ಕಟ್ಟಿ, ಒಡೆದಿರಬಹುದಾದ ಕೆಲವು ಗುರುತು ಕಂಡಿವೆ ಅಂದರು. ಜಪಾನು, ಅಮೆರಿಕದ ದೊಡ್ಡ ದೊಡ್ಡ ಟ್ಯಾಂಕುಗಳಿಗೆ ಅದು ಕಾಣಲಿಲ್ಲ, ಇವತ್ತಿನವರೆಗೂ ಕಂಡಿಲ್ಲ. ನನಗೆ ಈ ಸೋಲುಗಳ ಬಗ್ಗೆ ಗೌರವ ಇದೆ. ಕಂಡದ್ದನ್ನ ಕಂಡ ಹಾಗೆ ಬರೆದು, ಜಗತ್ತು ಒಪ್ಪದಿದ್ದಾಗ ಉಪಕರಣ ದೊಡ್ಡದು ಮಾಡಿ ಮತ್ತೆ ಕಾಯ್ತಾ ಕೂತವರು ಅವರು. 1985ರಲ್ಲಿ 260 ಟನ್ನಿನ ಇನ್ನೊಂದನ್ನು ಕೂರಿಸಿದರು.

ಶ್ರೀಕಂಠನ್ ಗಣಿಯೊಂದಕ್ಕೇ ಅಂಟಿಕೊಳ್ಳಲಿಲ್ಲ. ಊಟಿಯ ಬೆಟ್ಟದ ಮೇಲೆ ವಿಶ್ವಕಿರಣಗಳನ್ನು ಅಳೆದರು. ಹೈದರಾಬಾದಿನಿಂದ ಬಲೂನು ಹಾರಿಸಿ ಆಕಾಶದ ಎಕ್ಸ್-ರೇಗಳನ್ನು ಹುಡುಕಿದ ಕೆಲಸದಲ್ಲೂ ಇದ್ದರು. 1975ರಿಂದ 1987ರವರೆಗೆ ಟಾಟಾ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರು, 1988ರಲ್ಲಿ ಪದ್ಮಭೂಷಣ. ನಿವೃತ್ತಿಯ ನಂತರ ಬೆಂಗಳೂರಿನ ನಿಯಾಸ್ ಸಂಸ್ಥೆಯಲ್ಲಿ ಕೂತು, ಇಷ್ಟೆಲ್ಲ ನೋಡುತ್ತಿರುವ ಈ ಪ್ರಜ್ಞೆ ಅನ್ನೋದು ಏನು ಅಂತ ಕೇಳತೊಡಗಿದರು. 2019ರ ಅಕ್ಟೋಬರಿನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ವುಲ್ಫೆಂಡೇಲ್ ಮರುವರ್ಷ ಡಿಸೆಂಬರಿನಲ್ಲಿ ಹೋದರು. ಗಣಿ ಅದಕ್ಕೂ ಎಷ್ಟೋ ಮುಂಚೆ, 2001ರ ಫೆಬ್ರುವರಿ 28ಕ್ಕೆ ಮುಚ್ಚಿತ್ತು. ಪಂಪು ನಿಂತ ಮೇಲೆ ಆಳದ ಮಟ್ಟಗಳಿಗೆ ನೀರು ತುಂಬಿತು. ಕೊರೆದವರ ಮೊಮ್ಮಕ್ಕಳು ಮಾರಿಕುಪ್ಪಂ ಟ್ರೇನು ಹಿಡಿದರು.

ಕಳೆದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಗೆಳೆಯನ ಮನೆಗೂ ಹೋದೆ. ಗಣಿಯವರ ಹಳೇ ಲೈನ್ ಮನೆ, ಹಿಂದೆ ಸೈನೈಡ್ ಗುಡ್ಡ. ತಾತನಿಗೆ ಎಂಬತ್ತು ದಾಟಿದೆ. ಒಂದು ವಾಕ್ಯಕ್ಕೆ ಎರಡು ಸಲ ಕೆಮ್ಮುತ್ತಾರೆ. ಅರ್ಧ ಕನ್ನಡ, ಅರ್ಧ ನನ್ನ ಹರಕು ತಮಿಳಿನಲ್ಲಿ ಇಷ್ಟನ್ನೂ ಹೇಳಿದೆ.

"ಸೈನ್ಸ್‌ನವರು ಇದ್ರು, ಗೊತ್ತು ತಂಬಿ. ಏನೋ ಲೈಟು ಹಚ್ಚಿ ನೋಡ್ತಾರೆ ಅಂತಿದ್ವಿ. ಎಷ್ಟು ಸಿಕ್ತು ಅವರಿಗೆ?"

"ಕೆಲವು ವರ್ಷಕ್ಕೆ ಇಪ್ಪತ್ತೂ ದಾಟಲಿಲ್ಲ ತಾತ."

"ಇಪ್ಪತ್ತು ಕೆಜಿ?"

"ಇಪ್ಪತ್ತು ಕಣ."

ತುಂಬಾ ಹೊತ್ತು ನಕ್ಕರು, ನಕ್ಕಿದ್ದಕ್ಕೆ ಮತ್ತೆ ಕೆಮ್ಮು. ಕೊನೆಕೊನೆಗೆ ನಮಗೂ ಹಾಗೇ ಆಯ್ತು, ಟನ್ನು ಕಲ್ಲು ಒಡೆದ್ರೆ ಕೆಲವೇ ಗ್ರಾಂ ಬರ್ತಿತ್ತು ಅಂದ್ರು. ಆಮೇಲೆ ಸುಮ್ಮನಾಗಿ ಕೇಳಿದ್ರು:

"ಆ ಕಡೆಯಿಂದ ಭೂಮಿ ತೂರಿ ಬಂತು ಅಂದ್ಯಲ್ಲ. ನಮ್ಮ ಮೈಯಲ್ಲೂ ಹೋಗಿರ್ಬೇಕಲ್ಲ, ಶಿಫ್ಟಲ್ಲಿ ಇದ್ದಾಗ?"

"ಹೋಗಿದೆ ತಾತ. ಈಗ್ಲೂ ಹೋಗ್ತಿದೆ."

"ನೋವಾಗಲ್ಲ?"

"ಇಲ್ಲ."

"ಒಳ್ಳೇದು," ಅಂದು ಕಾಫಿ ಲೋಟ ಎತ್ತಿಕೊಂಡರು.

ಸೋಮವಾರ ಗೆಳೆಯ ಟ್ರೇನಿನಿಂದಲೇ ಫೋನ್ ಮಾಡಿದ. ತಾತ ಆಗಲೇ ಲೈನಿನ ನಾಲ್ಕು ಮನೆಗೆ ವಿಷಯ ಮುಟ್ಟಿಸಿಯಾಗಿತ್ತಂತೆ. ಪಕ್ಕದ ಮನೆಯ ಅಜ್ಜಿ, ಆ ಇಪ್ಪತ್ತನ್ನೂ ಬೊಂಬಾಯಿಯವರು ತಗೊಂಡು ಹೋದ್ರಾ, ನಮಗೆ ಒಂದೂ ಬಿಡಲಿಲ್ವಾ ಅಂತ ಕೇಳ್ತಿದ್ದಾರಂತೆ.