ಸುಮ್ಮನಿರಬೇಕಾದವರು ಯಾರು?

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಮ್ಮ ಅನುಭವ ಬೇರೆ. ಬಂಗಾರ ಊರೊಳಗೇ ಉಳಿಯಿತು, ಮೌನ ಮಾತ್ರ ಕೇರಿಗೆ ಬಂತು.

ಗುಂಡಗುರ್ತಿ ಸೀಮೆಯ ಒಂದು ಕೇರಿಯಲ್ಲಿ ಭಾನುವಾರದ ಆರಾಧನೆಗೆ ನಾವು ಹೋಗಿ ಕೂತಿದ್ದೆವು. ಮೇಲೆ ತಗಡು, ಕೆಳಗೆ ಪರಸಿ ಕಲ್ಲು. ಕೂತವರು ಖಣಿಯಲ್ಲಿ ಕಲ್ಲು ಎಬ್ಬಿಸುವವರು, ತೊಗರಿ ಹೊಲದಲ್ಲಿ ಕೂಲಿ ಮಾಡುವವರು. ಅವತ್ತಿನ ಪ್ರಸಂಗ ಮೌನದ ಬಗ್ಗೆ. ಪ್ರಾರ್ಥನೆ ಅಂದರೆ ದೇವರ ಮುಂದೆ ಅರ್ಜಿ ಓದುವುದಲ್ಲ, ಆತ ಏನು ಹೇಳುತ್ತಾನೋ ಅದಕ್ಕೆ ಕಿವಿಗೊಡುವುದು ಅಂದರು ಸಭಾಪಾಲಕರು. ಒಪ್ಪುವ ಮಾತೇ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಯೇಸು ಪಿಲಾತನ ಮುಂದೆ ಬಾಯಿ ಬಿಡದೆ ನಿಂತ ಹಾಗೆ ನಾವೂ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರಬೇಕು ಅಂದರು.

ಹೊರಗೆ ಬಂದಾಗ ಒಬ್ಬ ಅಜ್ಜಿ ನಮ್ಮ ಹತ್ತಿರ ಬಂದಳು. "ಸುಮ್ಕಿರೂದು ನಮಗ ಹೊಸಾದೇನ್ರಿ ಯಪ್ಪಾ? ಹುಟ್ಟಿದಾಗಿಂದ ಸುಮ್ಕೇ ಅದೀವಿ. ಅದನ್ನ ಕಲಿಸಲಾಕ ಪುಸ್ತಕ ಯಾಕ ಬೇಕು?" ಅಂದಳು.

ನಮಗೆ ಬಹಳ ಖುಷಿಯಾಯಿತು. ಎಂಥಾ ಮಾತು! ಬಸ್ಸಿನಲ್ಲೇ ಚೀಟಿ ತೆಗೆದು ಬರೆದುಕೊಂಡೆವು. ಅವಳ ಹೆಸರೇನು, ಇನ್ನೇನು ಹೇಳಬೇಕೆಂದಿದ್ದಳು ಎಂದು ಕೇಳಲೇ ಇಲ್ಲ. ಈ ತಪ್ಪಿಗೆ ಆಮೇಲೆ ಬರುತ್ತೇವೆ.

ಗೆಳೆಯರೆ, ಮೌನ ಬೇರೆ, ಬಾಯಿ ಕಟ್ಟಿಸಿಕೊಂಡಿರುವುದು ಬೇರೆ. ಮಾತಾಡಬಲ್ಲವನು ಇನ್ನೊಬ್ಬನಿಗಾಗಿ ಮಾತನ್ನು ತಡೆದರೆ ಅದು ಮೌನ. ಮಾತಾಡಿದರೆ ಕೂಲಿ ಹೋದೀತು, ಗುಡಿಸಲು ಹೋದೀತು ಎಂದು ಹಲ್ಲು ಕಚ್ಚಿದರೆ ಅದು ಭಯ. ಅಂಬೇಡ್ಕರರು 1920ರ ಜನವರಿ 31ರಂದು ಮರಾಠಿಯಲ್ಲಿ ಪತ್ರಿಕೆ ಶುರು ಮಾಡಿದಾಗ ಅದಕ್ಕೆ 'ಮೂಕನಾಯಕ' ಎಂದೇ ಹೆಸರಿಟ್ಟರು. ಹುಟ್ಟಾ ಮೂಕರು ಯಾರೂ ಇರಲಿಲ್ಲ, ಮೂಕರನ್ನಾಗಿ ಮಾಡಲಾಗಿತ್ತು. ಅಂಥವರಿಗೆ ಹೋಗಿ ಮೌನ ಬೋಧಿಸುವುದು ಹಸಿದವನಿಗೆ ಉಪವಾಸ ಬೋಧಿಸಿದ ಹಾಗೆ.

ಹಾಗಾದರೆ ಕ್ರೈಸ್ತರ ಪುಸ್ತಕವೇ ಏನು ಹೇಳುತ್ತದೆ, ನೋಡೋಣ.

ಪಿಲಾತನ ಮುಂದೆ ಯೇಸು ಸುಮ್ಮನೆ ನಿಂತದ್ದು ನಿಜ. ಆದರೆ ಅದಕ್ಕೂ ಮೊದಲು ಮಹಾಯಾಜಕನ ಮುಂದೆ ಒಬ್ಬ ಆಳು ಕೆನ್ನೆಗೆ ಹೊಡೆದಾಗ ಆತ ಸುಮ್ಮನಿರಲಿಲ್ಲ. ನಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದ. ಯೋಹಾನನ ಸುವಾರ್ತೆಯಲ್ಲಿ ಇದಿದೆ. ಕೇರಿಯ ಪ್ರಸಂಗಗಳಲ್ಲಿ ಈ ಪ್ರಶ್ನೆ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ.

ಯೆರಿಕೋ ಊರಿನ ದಾರಿಯಲ್ಲಿ ಬಾರ್ತಿಮಾಯ ಎಂಬ ಕುರುಡ ಭಿಕ್ಷುಕ ಯೇಸುವನ್ನು ಕೂಗಿದ. ಸುತ್ತಲಿನವರು ಸುಮ್ಮನಿರು ಎಂದು ಗದರಿಸಿದರು. ಅವನು ಇನ್ನೂ ಜೋರಾಗಿ ಕೂಗಿದ. ಯೇಸು ನಿಂತ. ಆ ಗದ್ದಲದಲ್ಲಿ ಒಬ್ಬ ಭಿಕ್ಷುಕನ ದನಿಗಾಗಿ ನಿಂತ. ಕುರುಡನಿಗೆ ಏನು ಬೇಕೆಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ನಿನಗೇನಾಗಬೇಕು ಎಂದು ಅವನ ಬಾಯಿಂದಲೇ ಕೇಳಿಸಿಕೊಂಡ. ಇಲ್ಲಿ ಕೇಳಿಸಿಕೊಂಡವನು ಗುರು, ಮಾತಾಡಿದವನು ಬೀದಿಯವನು.

ಇನ್ನು ಯೋಬನ ಕಥೆ. ಎಲ್ಲ ಕಳಕೊಂಡು ಬೂದಿಯಲ್ಲಿ ಕೂತವನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದರೋ, ನಿನ್ನ ಪಾಪದಿಂದಲೇ ನಿನಗೆ ಈ ಗತಿ ಅನ್ನತೊಡಗಿದರು. ನಮ್ಮ ಕಡೆ ಇದಕ್ಕೆ ಕರ್ಮ ಅನ್ನುತ್ತಾರೆ. ಕೊನೆಗೆ ದೇವರ ಸಿಟ್ಟು ತಿರುಗಿದ್ದು ಕೂಗಾಡಿದ ಯೋಬನ ಮೇಲಲ್ಲ, ಬುದ್ಧಿ ಹೇಳಿದ ಈ ಗೆಳೆಯರ ಮೇಲೆ.

ಈ ಗೆಳೆಯರ ಕಥೆ ನಮ್ಮದೂ ಹೌದು. ಅದಕ್ಕೇ ಆ ಅಜ್ಜಿಯ ಹತ್ತಿರ ಮತ್ತೊಮ್ಮೆ ಹೋದೆವು. ಈ ಸಲ ಚೀಟಿ ತೆಗೆಯಲಿಲ್ಲ, ಭಾಷಣ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತೆವು. ಬಹಳ ಹೊತ್ತು ಅವಳೂ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಪ್ರಸಂಗದ ಬಗ್ಗೆ ಅಲ್ಲವೇ ಅಲ್ಲ, ಮೊಮ್ಮಗನ ಬಗ್ಗೆ. "ಸಾಲ್ಯಾಗ ಒಂದ್ ಹೆಸರು, ಸಭೆಯಾಗ ಒಂದ್ ಹೆಸರು. ಯಾವ ಹೆಸರಿಂದ ಕರದ್ರ ಓ ಅನಬೇಕ ಅಂತ ಕೇಳ್ತದ ಕೂಸು. ನಾ ಏನ್ ಹೇಳ್ಲಿ? ಸುಮ್ಕಾಗ್ತೀನಿ."

ಆಗ ತಿಳಿಯಿತು, ಅವಳು ಹೇಳಿದ ಸುಮ್ಕಿರುವುದು ಯಾವುದು ಅಂತ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಲಮು ಹಿಂದೂ ಅಲ್ಲದವರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಈ ಅಡ್ಡಗೋಡೆ ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ವರದಿ ಕೊಟ್ಟಿತು. ಗೋಡೆ ಹೋಗಲಿಲ್ಲ. ಕ್ರೈಸ್ತ ನಂಬಿಕೆಯಲ್ಲಿ ನಡೆಯುತ್ತ ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ದೇವರು ಬದಲಾದರೂ ಊರಿನ ಬಾವಿ, ಹೋಟೆಲಿನ ಲೋಟ ಬದಲಾಗಲಿಲ್ಲ ಎಂಬುದನ್ನು ಯಾರು ಕೇಳಬೇಕು? ನಂಬಿದ್ದನ್ನು ಬಾಯಿಬಿಟ್ಟು ಹೇಳಿದರೆ ಮಗುವಿನ ಪಾಲು ಹೋಗುತ್ತದೆ. ಹೇಳದಿದ್ದರೆ ಮಗುವಿನ ಹೆಸರೇ ಹೋಗುತ್ತದೆ. ಇಂಥ ಬಿಗಿಯಲ್ಲಿರುವವರ ಬಾಯಿಕಟ್ಟನ್ನು ಭಕ್ತಿ ಎಂದು ಕರೆಯುವುದು ಅನ್ಯಾಯ.

ಹಾಗಂತ ಮೌನವೇ ಬೇಡ ಅನ್ನುವವರಲ್ಲ ನಾವು. ಆ ತಗಡಿನ ಕೆಳಗೆ ಆರು ದಿನ ಕಲ್ಲೊಡೆದು ಬಂದವರು ಕಣ್ಣು ಮುಚ್ಚಿ ಕೂತ ನಾಲ್ಕು ನಿಮಿಷವಿತ್ತಲ್ಲ, ಅಲ್ಲಿ ಮೇಸ್ತ್ರಿಯ ಕೂಗು ಇರಲಿಲ್ಲ, ಗೌಡನ ಕರೆ ಇರಲಿಲ್ಲ. ಆ ಮೌನ ಅವರ ಸ್ವಂತದ್ದು. ಅದನ್ನು ಕಸಿಯುವ ಹಕ್ಕು ನಮ್ಮ ಕ್ರಾಂತಿಗೂ ಇಲ್ಲ. ನಾವು ಕೇಳುವುದಿಷ್ಟೆ: ನಿಮ್ಮ ಮೌನದಲ್ಲಿ ಯಾರ ದನಿ ಕೇಳಿಸುತ್ತದೆ?

ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮೌನವಾಗಿ ಕೂತೇ ಆರಾಧನೆ ಮಾಡುವವರು. ಅಮೆರಿಕದ ಜರ್ಮನ್‌ಟೌನಿನಲ್ಲಿ 1688ರಲ್ಲಿ ಅವರಲ್ಲೇ ನಾಲ್ವರು ಗುಲಾಮಗಿರಿ ತಪ್ಪೆಂದು ಬರೆದುಕೊಟ್ಟರು. ಫಿಲಡೆಲ್ಫಿಯಾದ ಅವರ ಮಹಾಸಭೆ, ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ಕಟ್ಟು ಮಾಡಿದ್ದು 1776ರಲ್ಲಿ. ಅಷ್ಟು ಶಿಸ್ತಿನ ಮೌನಕ್ಕೂ ಪಕ್ಕದ ಸಂಕೋಲೆಯ ಸದ್ದು ಕೇಳಿಸಲು 88 ವರ್ಷ ಬೇಕಾಯಿತು. ಆದರೆ ಕೇಳಿಸಿತು. ನಾಲ್ವರು ಬಾಯಿ ಬಿಟ್ಟದ್ದರಿಂದ ಕೇಳಿಸಿತು.

ಆದ್ದರಿಂದ ಮೌನವನ್ನು ಹಂಚುವುದಾದರೆ ಮೇಲಿನಿಂದ ಹಂಚಿರಿ. ಪೀಠದ ಮೇಲಿನವರು ಒಂದು ಭಾನುವಾರ ಸುಮ್ಮನಿದ್ದು ಕೂಲಿಯವಳನ್ನು ಮಾತಾಡಿಸಲಿ. ಸಭೆಯೊಳಗೂ ಜಾತಿ ಎಣಿಸುವವರು ಸುಮ್ಮನಿದ್ದು ಕೇಳಲಿ. ಮೈಕು ಹಿಡಿದ ನಾವೂ ಕೇಳಬೇಕು. ನಮ್ಮ ಸಭೆಗಳಲ್ಲಿ ಹೆಣ್ಣುಮಕ್ಕಳು ಹಿಂದೆ ಕೂತು ಎದ್ದು ಹೋಗುವುದನ್ನು ಎಷ್ಟು ವರ್ಷದಿಂದ ನೋಡುತ್ತಿಲ್ಲ? ಊರ ಶಾಲೆಯ ಮೇಷ್ಟ್ರುಗಳಿಗೂ ಒಂದು ಮಾತು: ಹಾಜರಿ ಕೂಗುವಾಗ ಓ ಅನ್ನಲು ಒಂದು ಗಳಿಗೆ ತಡ ಮಾಡುವ ಹುಡುಗನನ್ನು ಗದರಿಸಬೇಡಿರಿ. ಸ್ವಲ್ಪ ಕಾಯಿರಿ.

ಯೇಸುವಿನ ಹಿಂದೆ ಕೂಗುತ್ತ ಹೊರಟ ಬಡಜನರ ಬಾಯಿ ಮುಚ್ಚಿಸು ಎಂದು ಫರಿಸಾಯರು ಹೇಳಿದಾಗ, ಇವರು ಸುಮ್ಮನಾದರೆ ಕಲ್ಲುಗಳೇ ಕೂಗುತ್ತವೆ ಎಂಬರ್ಥದ ಉತ್ತರ ಕೊಟ್ಟನೆಂದು ಲೂಕ ಬರೆಯುತ್ತಾನೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಕಲ್ಲಿಗೇನು ಬರವಿಲ್ಲ. ಎಷ್ಟೋ ಮನೆಗಳ ನೆಲ, ಎಷ್ಟೋ ಊರುಗಳ ಸಿಮೆಂಟು ಇಲ್ಲಿಂದಲೇ ಹೋಗಿದೆ. ಕಲ್ಲು ಕೂಗುವ ತನಕ ಕಾಯುವುದು ಬೇಡ. ಕಲ್ಲು ಎಬ್ಬಿಸಿದವರು ಇನ್ನೂ ಇಲ್ಲೇ ಇದ್ದಾರೆ, ಕಟ್ಟೆಯ ಮೇಲೆ ಕೂತಿದ್ದಾರೆ. ಹೋಗಿ ಪಕ್ಕದಲ್ಲಿ ಕೂರೋಣ. ಮೊದಲು ಹೆಸರು ಕೇಳೋಣ.